ಬಾಲ ಕಿತ್ತರೆ ಸಾಲದು

ಕರ್ಬಲ್ ಸ್ಪೇಸ್ ಪ್ರೋಗ್ರಾಂ ಹುಟ್ಟಿದ್ದು ರಾಕೆಟ್ ಕಟ್ಟಿ ಬಾಹ್ಯಾಕಾಶಕ್ಕೆ ಹೋಗುವ ಆಟವಾಗಿ. ಮೆಕ್ಸಿಕೊ ಸಿಟಿಯ ಸ್ಕ್ವಾಡ್ ಕಂಪನಿಯಲ್ಲಿ ಫೆಲಿಪೆ ಫಲಾಂಗೆ ಶುರು ಮಾಡಿದ ಈ ಆಟ 2011ರಲ್ಲಿ ಮೊದಲ ಸಲ ಜನರ ಕೈಗೆ ಬಂತು. ಆದರೆ ಅದರೊಳಗಿನ ವಿಮಾನದ ಹ್ಯಾಂಗರ್ ಹೊಕ್ಕ ಕೆಲವರು ರಾಕೆಟ್ಟಿನ ಕಡೆ ತಿರುಗಿ ನೋಡುವುದೇ ಇಲ್ಲ. ಕಾಂಕಾರ್ಡ್, ಮಿಗ್-21, ಎಸ್‌ಆರ್-71 ಎಂದು ನಿಜದ ವಿಮಾನಗಳ ಪ್ರತಿಕೃತಿ ಕಟ್ಟುತ್ತಾ ಕೂರುತ್ತಾರೆ. ಅದನ್ನು ನೋಡುವವರ ಕೈಯಲ್ಲಿರುವ ಅಳತೆಗೋಲು ಸಾಮಾನ್ಯವಾಗಿ ಒಂದೇ: ಪಕ್ಕದಲ್ಲಿ ಫೋಟೊ ಇಟ್ಟರೆ ಎಷ್ಟು ಹೋಲುತ್ತದೆ? ಕಾಂಕಾರ್ಡಿಗೆ ಆ ಅಳತೆ ಸಾಕು. ನಾಸಾದ ಎಕ್ಸ್-36ಕ್ಕೆ ಸಾಲದು. ಅಲ್ಲಿ ಹೋಲಿಕೆಗೆ ನೂರಕ್ಕೆ ನೂರು ಅಂಕ ಗಿಟ್ಟಿಸಿದ ಕೆಲಸವೂ ಆ ವಿಮಾನದ ಬಗ್ಗೆ ಏನನ್ನೂ ಹೇಳದೆ ಇರಬಹುದು.

ಎಕ್ಸ್-36 ಎಂಬುದು ಮ್ಯಾಕ್‌ಡೊನೆಲ್ ಡಗ್ಲಸ್ ಕಂಪನಿ ಮತ್ತು ನಾಸಾದ ಏಮ್ಸ್ ಸಂಶೋಧನಾ ಕೇಂದ್ರ ಜೊತೆಯಾಗಿ ಮಾಡಿದ ಪ್ರಯೋಗ. ಮೊದಲ ಹಾರಾಟ 1997ರ ಮೇ 17ರಂದು, ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್‌ನಲ್ಲಿ. ಅದೇ ವರ್ಷದ ಆಗಸ್ಟ್‌ನಲ್ಲಿ ಕಂಪನಿಯೇ ಬೋಯಿಂಗ್ ಜೊತೆ ವಿಲೀನವಾಯಿತು. ವಿಮಾನ ಹಾರುತ್ತಲೇ ಇತ್ತು. ಉದ್ದ ಸುಮಾರು 19 ಅಡಿ, ಎತ್ತರ 3 ಅಡಿ, ರೆಕ್ಕೆಯ ತುದಿಯಿಂದ ತುದಿಗೆ 10 ಅಡಿಗೆ ತುಸು ಹೆಚ್ಚು. ಇಂಧನ ತುಂಬಿದಾಗ ತೂಕ 570 ಕಿಲೊ ಆಸುಪಾಸು. ಮೂತಿಯ ಹಿಂದೆ ಎರಡು ಪುಟ್ಟ ಮುಂರೆಕ್ಕೆ, ಆಮೇಲೆ ಹಿಂದಕ್ಕೆ ಬಾಗಿದ ದೊಡ್ಡ ರೆಕ್ಕೆ, ಚಪ್ಪಟೆ ಹೊಟ್ಟೆ. ಅಷ್ಟೇ, ಅಲ್ಲಿಗೆ ವಿಮಾನ ಮುಗಿಯುತ್ತದೆ. ಅಡ್ಡ ಬಾಲವೂ ಇಲ್ಲ, ನೆಟ್ಟಗೆ ನಿಲ್ಲುವ ಬಾಲವೂ ಇಲ್ಲ.

ಗಾಳಿಪಟಕ್ಕೆ ಬಾಲಂಗೋಚಿ ಏಕೆ ಬೇಕೆಂದು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದನ್ನು ಕಿತ್ತರೆ ಪಟ ಗಿರಕಿ ಹೊಡೆದು ನೆಲಕ್ಕೆ ಬಡಿಯುತ್ತದೆ. ವಿಮಾನದ ನಿಂತ ಬಾಲವೂ ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತದೆ. ಮೂತಿ ಎಡಕ್ಕೋ ಬಲಕ್ಕೋ ಜಾರಿದರೆ ಹಿಂದಿನ ಆ ಹಲಗೆಗೆ ಗಾಳಿ ಅಡ್ಡ ಬಡಿದು, ಮೂತಿಯನ್ನು ಮತ್ತೆ ದಾರಿಗೆ ತರುತ್ತದೆ. ಹಾಗಿದ್ದ ಮೇಲೆ ಅದನ್ನು ಕಿತ್ತುಹಾಕುವ ಆಸೆ ಯಾಕೆ? ಬಾಲಕ್ಕೆ ತೂಕವಿದೆ, ಗಾಳಿಯಲ್ಲಿ ಎಳೆತವಿದೆ, ಮುಖ್ಯವಾಗಿ ರಾಡಾರಿನ ಕಣ್ಣಿಗೆ ಅದು ಎದ್ದು ಕಾಣುತ್ತದೆ. ಆದರೆ ಯುದ್ಧವಿಮಾನ ಬಾಂಬರಿನ ಹಾಗೆ ನೇರ ದಾರಿಯಲ್ಲಿ ಸಾವಧಾನವಾಗಿ ಹೋಗುವಂಥದ್ದಲ್ಲ. ಅದು ಗಕ್ಕನೆ ಹೊರಳಬೇಕು, ಮೂತಿ ಎತ್ತಿ ತಿರುಗಬೇಕು. ಬಾಲವಿಲ್ಲದೆ ಇಷ್ಟು ಚುರುಕುತನ ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಎಕ್ಸ್-36 ಕಟ್ಟಿದರು.

ಉತ್ತರ ಅಡಗಿದ್ದು ಆಕಾರದಲ್ಲಿ ಅಲ್ಲವೇ ಅಲ್ಲ. ಎಕ್ಸ್-36ರ ದೇಹ ಎರಡು ದಿಕ್ಕಿನಲ್ಲಿ ಅಸ್ಥಿರ: ಮೂತಿ ಮೇಲೆ ಕೆಳಗೆ ಆಡುವುದರಲ್ಲೂ, ಎಡ ಬಲಕ್ಕೆ ಹೊರಳುವುದರಲ್ಲೂ. ಬಿಟ್ಟರೆ ಅದು ಹಾರುವುದಿಲ್ಲ, ಮಗುಚುತ್ತದೆ. ಅದನ್ನು ಹಿಡಿದು ನಿಲ್ಲಿಸಿದ್ದು ಒಳಗಿನ ಕಂಪ್ಯೂಟರು. ಅದರ ಕೈಗೆ ಮೂರು ಹಿಡಿಕೆ ಕೊಟ್ಟಿದ್ದರು: ಮುಂರೆಕ್ಕೆಗಳು, ಪುಸ್ತಕದಂತೆ ಮೇಲೆ ಕೆಳಗೆ ಎರಡು ಹೋಳಾಗಿ ತೆರೆದುಕೊಳ್ಳುವ, ರೆಕ್ಕೆಯ ಅಂಚಿನ ಫಲಕಗಳಾದ ಏಲೆರಾನ್‌ಗಳು, ಮತ್ತು ಜೆಟ್ಟಿನ ಬಿಸಿ ಅನಿಲವನ್ನು ಪಕ್ಕಕ್ಕೆ ತಿರುಗಿಸುವ ನಳಿಕೆ. ಆರು ತಿಂಗಳಲ್ಲಿ 31 ಹಾರಾಟ, ಒಟ್ಟು 15 ಗಂಟೆ 38 ನಿಮಿಷ. ನಿಯಂತ್ರಣದ ಸಾಫ್ಟ್‌ವೇರ್ ನಾಲ್ಕು ಆವೃತ್ತಿ ಕಂಡಿತು. ವಿಮಾನ 20,200 ಅಡಿ ಏರಿತು, ಬೀಸುವ ಗಾಳಿಗೆ 40 ಡಿಗ್ರಿವರೆಗೆ ಮೂತಿ ಎತ್ತಿಯೂ ಹತೋಟಿಯಲ್ಲಿ ಉಳಿಯಿತು. ಹೀಗಾಗಿ ಇದರ ಪ್ರತಿಕೃತಿ ಎಂದರೆ ಒಂದು ತಾಪತ್ರಯದ ಪ್ರತಿಕೃತಿಯಾಗಬೇಕು. ಆ ತಾಪತ್ರಯ ಇರದಿದ್ದರೆ ಅದು ಗೊಂಬೆ.

ಆಟದೊಳಗೆ ಕಟ್ಟಿದ ಎಕ್ಸ್-36ಗಳಲ್ಲಿ ನನಗೆ ಮೊದಲು ಅನುಮಾನ ಬರುವುದು ಅವು ತೀರಾ ಚೆನ್ನಾಗಿ ಹಾರುವುದನ್ನು ಕಂಡು. ರೆಕ್ಕೆ ಜೋಡಿಸಿ, ಎಂಜಿನ್ ಸಿಕ್ಕಿಸಿ, ಬಾಲ ಹಾಕದೆ ರನ್‌ವೇಗೆ ತಂದರೆ ಅದು ಸಲೀಸಾಗಿ ಏರುತ್ತದೆ, ತಿರುಗುತ್ತದೆ, ಇಳಿಯುತ್ತದೆ. ನಾಸಾಕ್ಕೆ ವರ್ಷಗಟ್ಟಲೆ ಹಿಡಿದದ್ದು ಇಲ್ಲಿ ಒಂದು ಸಂಜೆಯಲ್ಲಿ ಹೇಗಾಯಿತು? ಗುಟ್ಟು ಕಾಕ್‌ಪಿಟ್‌ನಲ್ಲಿದೆ. ಈ ಆಟದ ಕಾಕ್‌ಪಿಟ್‌ಗಳ ಒಳಗೆ ರಿಯಾಕ್ಷನ್ ವೀಲ್ ಅಡಗಿರುತ್ತದೆ. ನಿಜದಲ್ಲಿ ಉಪಗ್ರಹಗಳನ್ನು ಬಾಹ್ಯಾಕಾಶದ ನಿರ್ವಾತದಲ್ಲಿ ಮೆಲ್ಲಗೆ ತಿರುಗಿಸುವ ತಿರುಗಾಲಿ ಅದು. ಆಟದಲ್ಲಿ ಅದಕ್ಕೆ ಭೀಮಬಲ ಕೊಟ್ಟಿದ್ದಾರೆ, ಬೇಕಾದ್ದು ಒಂದಿಷ್ಟು ವಿದ್ಯುತ್ ಮಾತ್ರ. ರಾಕೆಟ್ ಆಟ ಮಜವಾಗಿರಲಿ ಎಂದು ಮಾಡಿದ ಈ ಔದಾರ್ಯ ವಿಮಾನಕ್ಕೂ ಹರಿಯುತ್ತದೆ. ಮೂತಿ ಜಾರಿದ ಕೂಡಲೇ ಎಸ್‌ಎಎಸ್ ಎಂಬ ಸ್ವಯಂಚಾಲಿತ ಸ್ಥಿರಕಾರಿ ಆ ತಿರುಗಾಲಿಗೆ ಆಜ್ಞೆ ಕೊಡುತ್ತದೆ, ಕಾಣದ ಕೈಯೊಂದು ವಿಮಾನವನ್ನು ಸರಿಯಾಗಿ ಹಿಡಿಯುತ್ತದೆ. ಬಾಲ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪ್ರಶ್ನೆಪತ್ರಿಕೆ ಕೊಡುವ ಮೊದಲೇ ಉತ್ತರ ಬರೆದಿಟ್ಟಂತಾಯಿತು.

ಇದನ್ನು ಆಟದ ದೋಷವೆಂದು ನಾನು ಹೇಳುವುದಿಲ್ಲ. ಭಾಗದ ಮೇಲೆ ಮೌಸಿನ ಬಲ ಗುಂಡಿ ಒತ್ತಿದರೆ ತಿರುಗಾಲಿಯನ್ನು ದೀಪದ ಹಾಗೆ ಆರಿಸುವ ಅವಕಾಶ ಆಟವೇ ಕೊಟ್ಟಿದೆ. ಅದನ್ನು ಆರಿಸಿ ಹಾರಿಸಿದ ಪ್ರತಿಕೃತಿಗೂ ಆರಿಸದೆ ಹಾರಿಸಿದ್ದಕ್ಕೂ ಚಿತ್ರದಲ್ಲಿ ಕೂದಲೆಳೆಯ ವ್ಯತ್ಯಾಸವೂ ಕಾಣುವುದಿಲ್ಲ. ಆದರೆ ಮೊದಲನೆಯದನ್ನು ಮಾತ್ರ ನಾನು ಎಕ್ಸ್-36 ಎಂದು ಕರೆಯಲು ಸಿದ್ಧ. ಆರಿಸಿದ ಕ್ಷಣದಿಂದ ಆಟದ ಸ್ವರೂಪವೇ ಬದಲಾಗುತ್ತದೆ. ಸಣ್ಣ ಜಾರು ದೊಡ್ಡದಾಗುತ್ತದೆ, ದೊಡ್ಡದು ಗಿರಕಿಯಾಗುತ್ತದೆ, ಮೂತಿ ಹಿಂದಾಗಿ ಬಾಲವಿರಬೇಕಾದ ತುದಿ ಮುಂದಾಗುತ್ತದೆ. ಹೆದರಿ ನಿಯಂತ್ರಣಗಳಿಗೆಲ್ಲ ವಿಪರೀತ ಬಲ ಕೊಟ್ಟರೆ ಎಸ್‌ಎಎಸ್ ಅತಿಯಾಗಿ ತಿದ್ದಿ, ತಿದ್ದಿದ್ದನ್ನು ಮತ್ತೆ ತಿದ್ದಿ, ವಿಮಾನ ಜ್ವರ ಬಂದವರ ಹಾಗೆ ನಡುಗುತ್ತದೆ. ಎಲ್ಲಿ ಎಷ್ಟು ಬಲ ಸಾಕು ಎಂದು ಹುಡುಕುವ ಈ ಒದ್ದಾಟವೇ ನಿಯಂತ್ರಣ ಶಾಸ್ತ್ರದ ಮೊದಲ ಅಧ್ಯಾಯ.

ಹ್ಯಾಂಗರಿನಲ್ಲಿ ಆಟ ಕೊಡುವ ಸಹಾಯವೂ ಇಲ್ಲಿ ಅರ್ಧಂಬರ್ಧ. ಭಾರಕೇಂದ್ರಕ್ಕೆ ಹಳದಿ ಗುಂಡು, ಎತ್ತುವ ಬಲದ ಕೇಂದ್ರಕ್ಕೆ ನೀಲಿ ಗುಂಡು ತೋರಿಸುತ್ತದೆ. ನೀಲಿ ಹಿಂದೆ, ಹಳದಿ ಮುಂದೆ ಇದ್ದರೆ ಕ್ಷೇಮ ಎಂಬುದು ಕಟ್ಟುವವರೆಲ್ಲರ ಬಾಯಿಪಾಠ. ಆದರೆ ಆ ನೀಲಿ ಗುಂಡು ಮಾತಾಡುವುದು ಮೂತಿ ಮೇಲೆ ಕೆಳಗೆ ಆಡುವುದರ ಬಗ್ಗೆ. ಎಡ ಬಲದ ಸ್ಥಿರತೆಗೆ ಆಟದಲ್ಲಿ ಗುಂಡೇ ಇಲ್ಲ. ಬಾಲ ಕಿತ್ತವನು ಎದುರಿಸುವ ಅಪಾಯವೇ ಗುರುತಿಲ್ಲದ ಅಪಾಯ. ಇಲ್ಲಿ ಫೆರಮ್ ಏರೋಸ್ಪೇಸ್ ರಿಸರ್ಚ್ ಎಂಬ ಮಾಡ್, ಅಂದರೆ ಆಟಗಾರರೇ ಬರೆದ ಸೇರ್ಪಡೆ, ಬಂದು ಕೈಹಿಡಿಯುತ್ತದೆ. ಆಟದ ಮೂಲ ವಾಯುಶಾಸ್ತ್ರವನ್ನು ಬದಿಗೆ ಸರಿಸಿ, ವಿಮಾನದ ಇಡೀ ಆಕಾರವನ್ನು ಸಣ್ಣ ಸಣ್ಣ ಘನಗಳಾಗಿ ಒಡೆದು ಲೆಕ್ಕ ಹಾಕುವ ಈ ಮಾಡ್, ಹ್ಯಾಂಗರಿನಲ್ಲೇ ಸ್ಥಿರತೆಯ ಗುಣಾಂಕಗಳ ಪಟ್ಟಿ ಕೊಡುತ್ತದೆ, ಒಳ್ಳೆಯದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು ಬಣ್ಣದಲ್ಲಿ. ಪಕ್ಕಕ್ಕೆ ಜಾರಿದಾಗ ಮೂತಿ ಮರಳುತ್ತದೋ ಇಲ್ಲವೋ ಎಂದು ಹೇಳುವ ಎನ್-ಬೀಟಾ ಎಂಬ ಸಂಖ್ಯೆ ಎಕ್ಸ್-36 ಆಕಾರದಲ್ಲಿ ಕೆಂಪಾಗಿ ಕುಳಿತಿರುತ್ತದೆ. ಅದನ್ನು ಹಸಿರು ಮಾಡಲು ಹೊರಟವರು ಹಿಂದೆ ಒಂದು ಪುಟ್ಟ ಬಾಲ ಅಂಟಿಸಿ ಬಿಡುತ್ತಾರೆ, ಹೊಟ್ಟೆಯ ಕೆಳಗೆ ಯಾರಿಗೂ ಕಾಣದಂತೆ. ಕೆಂಪನ್ನು ಕೆಂಪಾಗಿಯೇ ಬಿಟ್ಟು ಹಾರಿಸುವ ಧೈರ್ಯ ಇದ್ದವರ ಕೆಲಸವೇ ಬೇರೆ.

ಇನ್ನು ಗಾತ್ರ. ಎಕ್ಸ್-36ರ ವಿಲಿಯಮ್ಸ್ ಎಫ್112 ಎಂಜಿನ್ ಕೊಡುತ್ತಿದ್ದ ನೂಕುಬಲ 700 ಪೌಂಡ್, ಎಂದರೆ 3.1 ಕಿಲೊನ್ಯೂಟನ್. ಆಟದಲ್ಲಿರುವ ಅತಿ ಚಿಕ್ಕ ಜೆಟ್ ಎಂಜಿನ್ ಜೂನೊ. ಅದರ ಬಲ 20 ಕಿಲೊನ್ಯೂಟನ್, ಆರು ಪಟ್ಟಿಗೂ ಹೆಚ್ಚು. ಬಲವನ್ನು ತಗ್ಗಿಸುವ ಸ್ಲೈಡರ್ ಇದೆ, ಅಲ್ಲಿಗೆ ಒಂದು ಸಮಸ್ಯೆ ಮುಗಿಯಿತು. ಆದರೆ ಜೂನೊದ ನಳಿಕೆ ತಿರುಗುವುದಿಲ್ಲ. ನಳಿಕೆ ತಿರುಗಬೇಕೆಂದರೆ ಕನಿಷ್ಠ ಪ್ಯಾಂಥರ್ ಎಂಜಿನ್ ಬೇಕು. ಅದೊಂದರ ತೂಕವೇ 1.2 ಟನ್, ನಿಜದ ಎಕ್ಸ್-36 ಎರಡನ್ನು ತಕ್ಕಡಿಗೆ ಹಾಕಿದರೂ ಅಷ್ಟಾಗುವುದಿಲ್ಲ. ಹಾಗಾಗಿ ಕಟ್ಟುವವನ ಮುಂದೆ ಎರಡು ದಾರಿ: ನಳಿಕೆ ಬಿಟ್ಟು ಗಾತ್ರ ಉಳಿಸಿಕೊಳ್ಳುವುದು, ಇಲ್ಲವೇ ಗಾತ್ರ ಬಿಟ್ಟು ನಳಿಕೆ ಉಳಿಸಿಕೊಳ್ಳುವುದು. ಎರಡನೆಯ ದಾರಿಯ ಆಕರ್ಷಣೆ ದೊಡ್ಡದು. ವಿಮಾನ ಹಿಗ್ಗುತ್ತದೆ, ಕಾಕ್‌ಪಿಟ್ ಬರುತ್ತದೆ, ಅದರೊಳಗೆ ಹಸಿರು ಮುಖದ ಕರ್ಬಲ್ ಪೈಲಟ್ ಒಬ್ಬ ಹಲ್ಲು ಬಿಟ್ಟು ಕೂರುತ್ತಾನೆ. ಆಫ್ಟರ್‌ಬರ್ನರ್ ಹಾಕಿ ಧ್ವನಿವೇಗವನ್ನೂ ದಾಟುತ್ತಾನೆ. ನಿಜದ ಎಕ್ಸ್-36 ಓಡಿದ್ದು ಹೆಚ್ಚೆಂದರೆ ಗಂಟೆಗೆ 380 ಕಿಲೊಮೀಟರ್ ಆಸುಪಾಸು.

ಇದು ತಪ್ಪು ಎಂದು ತಳ್ಳಿಹಾಕುವ ಮೊದಲು ಒಂದು ಸಂಗತಿ ಯೋಚಿಸಬೇಕು. ಎಕ್ಸ್-36 ತಾನೇ ಒಂದು ಪ್ರತಿಕೃತಿ. ಮುಂದೆಂದೋ ಬರಬಹುದಾಗಿದ್ದ ಯುದ್ಧವಿಮಾನದ ಶೇ 28ರ ಅಳತೆಯ ಮಾದರಿ ಅದು. ಪೂರ್ಣ ಗಾತ್ರಕ್ಕೆ ಹಿಗ್ಗಿಸಿದರೆ ಉದ್ದ 65 ಅಡಿ ದಾಟುತ್ತದೆ, ರೆಕ್ಕೆಯಗಲ 36 ಅಡಿಯ ಹತ್ತಿರ ಬರುತ್ತದೆ. ಆ ದೊಡ್ಡ ವಿಮಾನವನ್ನು ಯಾರೂ ಕಟ್ಟಲಿಲ್ಲ. ಹಾಗಾದರೆ ಪ್ಯಾಂಥರ್ ಎಂಜಿನ್ನಿನ ಸುತ್ತ ದೊಡ್ಡ ಎಕ್ಸ್-36 ಕಟ್ಟುವವನು ಯಾವುದರ ಪ್ರತಿಕೃತಿ ಮಾಡುತ್ತಿದ್ದಾನೆ? ಮೂಲವೇ ಇಲ್ಲದ ಮೂಲದ್ದು. ಗೊತ್ತಿದ್ದೇ ಹಾಗೆ ಮಾಡಿದರೆ ಅದು ಒಳ್ಳೆಯ ಕಲ್ಪನೆ, ನಾನು ಚಪ್ಪಾಳೆ ತಟ್ಟುತ್ತೇನೆ. ಬೇರೆ ಎಂಜಿನ್ ಸಿಗಲಿಲ್ಲ ಎಂಬ ಕಾರಣಕ್ಕೆ ಹಿಗ್ಗಿಸಿ, ಹೆಸರು ಮಾತ್ರ ಎಕ್ಸ್-36 ಎಂದೇ ಉಳಿಸಿಕೊಂಡರೆ ಒಪ್ಪುವುದು ಕಷ್ಟ. ಗಾತ್ರ ಇಲ್ಲಿ ಅಲಂಕಾರದ ವಿಷಯವಲ್ಲ: ಚಿಕ್ಕ ವಿಮಾನ ದೊಡ್ಡದಕ್ಕಿಂತ ಬೇಗ ಹೊರಳುತ್ತದೆ, ಜಾರಿದ ಮೂತಿಯನ್ನು ಹಿಡಿಯಲು ಕಂಪ್ಯೂಟರಿಗೆ ಸಿಗುವ ಸಮಯ ಕಡಿಮೆ. ಹಿಗ್ಗಿಸಿದಾಗ ಸಮಸ್ಯೆಯೂ ಮೆತ್ತಗಾಗುತ್ತದೆ.

ಚಿಕ್ಕ ಗಾತ್ರದ ದಾರಿ ಹಿಡಿದವರಿಗೆ ಬಹುಮಾನ ಬೇರೆ ಕಡೆಯಿಂದ ಬರುತ್ತದೆ. ನಿಜದ ಎಕ್ಸ್-36ರಲ್ಲಿ ಪೈಲಟ್ ಇರಲಿಲ್ಲ. ಬೋಯಿಂಗಿನ ಲಾರೆನ್ಸ್ ವಾಕರ್ ಅದನ್ನು ಹಾರಿಸಿದ್ದು ನೆಲದ ಮೇಲಿನ ನಿಯಂತ್ರಣ ಕೊಠಡಿಯಲ್ಲಿ ಕುಳಿತು, ವಿಮಾನದ ಕ್ಯಾಮೆರಾ ಕಳಿಸುತ್ತಿದ್ದ ದೃಶ್ಯವನ್ನು ಪರದೆಯ ಮೇಲೆ ನೋಡುತ್ತಾ. ಅದರ ಮೇಲೆ ಯುದ್ಧವಿಮಾನದಲ್ಲಿರುವಂಥ ಅಂಕಿ ಗೆರೆಗಳು, ಪಕ್ಕದಲ್ಲಿ ಚಲಿಸುವ ನಕ್ಷೆ. ದೇಹಕ್ಕೆ ಯಾವ ಕುಲುಕಾಟವೂ ತಗುಲುವುದಿಲ್ಲ. ವಿಮಾನ ಜಾರುತ್ತಿದೆ ಎಂಬುದು ಕಣ್ಣಿನಿಂದಲೇ ತಿಳಿಯಬೇಕು. ಇದಕ್ಕೂ ಮನೆಯ ಕಂಪ್ಯೂಟರಿನ ಮುಂದೆ ಕೂತವನ ಸ್ಥಿತಿಗೂ ಎಷ್ಟು ದೂರ? ಕಾಂಕಾರ್ಡ್ ಆಡುವವನು ಕಾಂಕಾರ್ಡಿನ ಪೈಲಟ್ ಆದಂತೆ ನಟಿಸಬೇಕು. ಎಕ್ಸ್-36 ಆಡುವವನು ನಟಿಸಬೇಕಾದ್ದು ಬಹಳ ಕಡಿಮೆ, ಏಕೆಂದರೆ ಅವನು ಕೂತಿರುವುದೂ ಹೆಚ್ಚುಕಡಿಮೆ ಅಂಥದೇ ಕುರ್ಚಿಯಲ್ಲಿ. ಆಟದ ಮಾನವರಹಿತ ನಿಯಂತ್ರಣ ಘಟಕ ಹಾಕಿ, 2016ರಲ್ಲಿ ಬಂದ ಕಾಮ್‌ನೆಟ್ ಸೌಲಭ್ಯವನ್ನು ಕಟ್ಟುನಿಟ್ಟಾಗಿ ಇಟ್ಟುಕೊಂಡರೆ ರೇಡಿಯೊ ಸಂಪರ್ಕ ಕಡಿದಾಗ ಹತೋಟಿಯೂ ಕಡಿಯುತ್ತದೆ. ಹೊರಗಿನಿಂದ ವಿಮಾನವನ್ನು ಸುತ್ತಿ ನೋಡುವ ಚಂದದ ಕ್ಯಾಮೆರಾ ಬಿಟ್ಟು, ಮೂತಿಗೊಂದು ಕ್ಯಾಮೆರಾ ಮಾಡ್ ಸಿಕ್ಕಿಸಿ ಅದರಿಂದಷ್ಟೇ ಹಾರಿಸಿ ನೋಡಬೇಕು. ಈ ಆಟದಲ್ಲಿ ಕಟ್ಟಿದ ಬೇರಾವ ಪ್ರತಿಕೃತಿಯೂ ಮೂಲದ ಅನುಭವಕ್ಕೆ ಇಷ್ಟು ಹತ್ತಿರ ಹೋಗಿದ್ದನ್ನು ನಾನು ಕಂಡಿಲ್ಲ.

ವಿಮಾನದ ಹೊರಚರ್ಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಟದ ರೆಕ್ಕೆಯ ತುಂಡುಗಳು ನಿಗದಿತ ಅಳತೆಯವು. ಎಕ್ಸ್-36ರ ಚೂಪು ಅಂಚುಗಳನ್ನು ತರಲು ಒಂದರೊಳಗೊಂದು ತೂರಿಸಬೇಕು, ಇಲ್ಲವೇ ಬೇಕಾದ ಅಳತೆಗೆ ಎಳೆಯಬಲ್ಲ ರೆಕ್ಕೆಯ ಮಾಡ್ ಹಾಕಬೇಕು. ಎರಡನ್ನೂ ಜನ ಸೊಗಸಾಗಿ ಮಾಡುತ್ತಾರೆ. ತೂರಿಸಿದ ತುಂಡುಗಳೆಲ್ಲ ಲೆಕ್ಕದಲ್ಲಿ ಪೂರ್ತಿ ರೆಕ್ಕೆಗಳೇ ಆಗಿ ಉಳಿದು, ಕಾಣುವುದಕ್ಕಿಂತ ಹೆಚ್ಚು ಎತ್ತುಬಲ ಕೊಡುತ್ತವೆ ಎಂಬುದನ್ನು ಮಾತ್ರ ಮರೆಯುತ್ತಾರೆ.

ಸ್ವಲ್ಪ ನಿಲ್ಲಬೇಕಾದ್ದು ಹೋಳಾಗುವ ಏಲೆರಾನಿನ ಹತ್ತಿರ. ಎಡ ರೆಕ್ಕೆಯ ಅಂಚು ಮೇಲೆ ಕೆಳಗೆ ಒಟ್ಟಿಗೆ ತೆರೆದುಕೊಂಡರೆ ಆ ಪಕ್ಕ ಗಾಳಿಯ ಎಳೆತ ಹೆಚ್ಚಿ ಮೂತಿ ಎಡಕ್ಕೆ ತಿರುಗುತ್ತದೆ. ಬಾಲದ ಕೆಲಸವನ್ನು ರೆಕ್ಕೆಯಿಂದ ಮಾಡಿಸುವ ಉಪಾಯ ಇದು. ಪ್ರತಿಕೃತಿ ಮಾಡುವವರು ಇದನ್ನು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಪ್ಯಾಂಥರ್ ನಳಿಕೆ ಇದ್ದ ಮೇಲೆ ಇದೇಕೆ ಎಂಬ ವಾದ. ಉತ್ತರ ಇಳಿಯುವಾಗ ಸಿಗುತ್ತದೆ. ನಳಿಕೆಯ ಹತೋಟಿ ಇರುವುದು ಎಂಜಿನ್ ಉಗುಳುವಷ್ಟು ಹೊತ್ತು. ರನ್‌ವೇ ಹತ್ತಿರ ಬಂತೆಂದು ಥ್ರಾಟಲ್ ಇಳಿಸಿದರೆ ನೂಕುಬಲದ ಜೊತೆಗೆ ಎಡ ಬಲದ ಹತೋಟಿಯೂ ಇಳಿಯುತ್ತದೆ. ಅದೂ ನೆಲ ತೀರಾ ಹತ್ತಿರವಿರುವಾಗ. ಗಾಬರಿಯಿಂದ ಮತ್ತೆ ಥ್ರಾಟಲ್ ಏರಿಸಿದರೆ ಆಟದ ಜೆಟ್ ಎಂಜಿನ್ ನಿಜದ್ದರ ಹಾಗೆಯೇ ನಿಧಾನವಾಗಿ ಎಚ್ಚರಗೊಳ್ಳುತ್ತದೆ. ಎಕ್ಸ್-36ಕ್ಕೆ ಎರಡೂ ಬಗೆಯ ಹಿಡಿಕೆ ಏಕೆ ಬೇಕಿತ್ತು ಎಂಬುದು ಯಾವ ವಿವರಣೆಯೂ ಇಲ್ಲದೆ ಆಗ ಅರ್ಥವಾಗುತ್ತದೆ. ಆಟದ ಏರ್‌ಬ್ರೇಕ್ ಭಾಗಗಳನ್ನು ರೆಕ್ಕೆಯ ತುದಿಗೆ ಕೂರಿಸಿ, ಅವುಗಳಲ್ಲಿ ಎಡ ಬಲದ ಹತೋಟಿಯನ್ನಷ್ಟೇ ಉಳಿಸಿ ಮಿಕ್ಕದ್ದನ್ನು ಆರಿಸಿದರೆ ಒಂದು ಮಟ್ಟಿಗೆ ಈ ಏಲೆರಾನ್ ಸಿದ್ಧ. ನೋಡಲು ಒರಟು, ಅಂಚಿನಲ್ಲಿ ಹಲಗೆ ಬಡಿದ ಹಾಗೆ ಕಾಣುತ್ತದೆ, ಫೋಟೊ ಹೋಲಿಕೆಯಲ್ಲಿ ಅಂಕ ಕಳೆಯುತ್ತದೆ. ನನ್ನ ಲೆಕ್ಕದಲ್ಲಿ ಆ ಒರಟು ಹಲಗೆ ಇರುವ ವಿಮಾನಕ್ಕೇ ಮಣೆ.

ಆಟದಲ್ಲಿ ಮಗುಚಿ ಬಿದ್ದರೆ ಹಿಂದಿನ ಸ್ಥಿತಿಗೆ ಮರಳುವ ಗುಂಡಿ ಇದೆ. ಬಾಲವಿಲ್ಲದ ಜೆಟ್‌ಗಳ ಚರಿತ್ರೆಯಲ್ಲಿ ಆ ಗುಂಡಿ ಇರಲಿಲ್ಲ. ಬ್ರಿಟನ್ನಿನ ಡಿ ಹ್ಯಾವಿಲ್ಯಾಂಡ್ ಕಂಪನಿಯ ಡಿಎಚ್ 108 ಮೂರು ಕಟ್ಟಿದರು, ಮೂರೂ ಬಿದ್ದವು, ಮೂವರು ಪರೀಕ್ಷಾ ಪೈಲಟ್‌ಗಳು ಸತ್ತರು. 1946ರ ಸೆಪ್ಟೆಂಬರಿನಲ್ಲಿ ಮೊದಲು ಸತ್ತವರು ಕಂಪನಿ ಕಟ್ಟಿದವರ ಮಗ, ಕಿರಿಯ ಜೆಫ್ರಿ ಡಿ ಹ್ಯಾವಿಲ್ಯಾಂಡ್. ಅಮೆರಿಕದ ವೈಬಿ-49 ಹಾರುವ ರೆಕ್ಕೆ 1948ರ ಜೂನ್ 5ರಂದು ಮರುಭೂಮಿಗೆ ಬಿದ್ದಾಗ ಸತ್ತ ಐವರಲ್ಲಿ ಗ್ಲೆನ್ ಎಡ್ವರ್ಡ್ಸ್ ಒಬ್ಬರು. ಅರ್ಧ ಶತಮಾನದ ನಂತರ ಎಕ್ಸ್-36 ಹಾರಿದ್ದು ಅವರ ಹೆಸರು ಹೊತ್ತ ನೆಲೆಯಿಂದಲೇ. ಪೈಲಟ್ಟನ್ನು ನೆಲದ ಮೇಲೆ ಕೂರಿಸುವ ತೀರ್ಮಾನವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಎಕ್ಸ್-36 ಬಿದ್ದಿದ್ದರೆ ಹೋಗುತ್ತಿದ್ದದ್ದು ಹಣ. ಆ ಅರ್ಥದಲ್ಲಿ ಆ ಯೋಜನೆಯೇ ಮರಳುವ ಗುಂಡಿಯನ್ನು ಸ್ವಲ್ಪಮಟ್ಟಿಗೆ ಸಂಪಾದಿಸಿಕೊಂಡಿತ್ತು.

ನಮ್ಮ ಕಡೆಯೂ ಬಾಲವಿಲ್ಲದ ಹಾರಾಟದ ಪ್ರಶ್ನೆ ಗಾಳಿಯಲ್ಲಿದೆ. ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್ ರೂಪಿಸಿದ ಮಾನವರಹಿತ ಹಾರುವ ರೆಕ್ಕೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಪರೀಕ್ಷಾ ನೆಲೆಯಲ್ಲಿ 2022ರ ಜುಲೈ 1ರಂದು ಮೊದಲು ಹಾರಿತು. ಹಲವು ರೂಪಗಳಲ್ಲಿ ಪರೀಕ್ಷೆ ನಡೆದು, 2023ರ ಡಿಸೆಂಬರಿನಲ್ಲಿ ಬಾಲವಿಲ್ಲದ ಅಂತಿಮ ರೂಪದಲ್ಲಿ ಹಾರಿ ತಾನಾಗಿಯೇ ಇಳಿಯಿತು. ಎಕ್ಸ್-36ಕ್ಕಿಂತ ಬೇರೆ ಜಾತಿಯದು, ನೆಲದಿಂದ ಯಾರೂ ಕೋಲು ಹಿಡಿದು ನಡೆಸಬೇಕಿಲ್ಲ. ಚಳ್ಳಕೆರೆಯ ಬಯಲಿನ ಈ ವಿಮಾನವನ್ನು ಆಟದಲ್ಲಿ ಕಟ್ಟಿದವರು ನನಗಿನ್ನೂ ಕಂಡಿಲ್ಲ. ಯಾರಾದರೂ ಕನ್ನಡದ ಹುಡುಗರು ಕೈಹಾಕಿದರೆ ತಿರುಗಾಲಿ ಆರಿಸಿ ಕಟ್ಟಲಿ ಎಂಬುದಷ್ಟೇ ನನ್ನ ಕೋರಿಕೆ.

ಆಟಗಾರರ ಇನ್ನೊಂದು ಚಾಳಿಯನ್ನು ಹೇಳದೆ ಬಿಡಲಾರೆ. ಕಾಳಗದ ಮಾಡ್ ಹಾಕಿ ಎಕ್ಸ್-36ರ ಹೊಟ್ಟೆಗೆ ಕ್ಷಿಪಣಿ ತುಂಬಿ ಮಿಗ್‌ಗಳನ್ನು ಹೊಡೆದುರುಳಿಸುವುದು. ಮಜಾ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಆ ವಿಮಾನಕ್ಕೆ ಒಂದು ಗುಂಡು ಹಾರಿಸುವ ಕೆಲಸವೂ ಇರಲಿಲ್ಲ. ಮೂತಿ ಎತ್ತಿ, ಹೊರಳಿ, ಅಂಕಿಅಂಶ ಕಳಿಸಿ ಇಳಿಯುವುದಷ್ಟೇ ಅದರ ಯುದ್ಧ.

ಆ ಅಂಕಿಅಂಶಗಳ ಕೆಲಸದ ಕೊನೆಯ ಅಧ್ಯಾಯ ಆಟದ ಮಂದಿಯ ಗಮನಕ್ಕೆ ಬಂದೇ ಇಲ್ಲ. 1998ರ ಡಿಸೆಂಬರಿನಲ್ಲಿ ಅಮೆರಿಕದ ವಾಯುಪಡೆಯ ಸಂಶೋಧನಾಲಯ ರೆಸ್ಟೋರ್ ಎಂಬ ಹೆಸರಿನಲ್ಲಿ ಎಕ್ಸ್-36ನ್ನು ಎರಡು ಸಲ ಹಾರಿಸಿತು. ಹಾರುವಾಗಲೇ ಒಂದು ನಿಯಂತ್ರಣ ಫಲಕ ಕೈಕೊಟ್ಟರೆ ಅಥವಾ ಮುರಿದರೆ, ಕಲಿಯಬಲ್ಲ ನರಜಾಲ ಸಾಫ್ಟ್‌ವೇರ್ ಉಳಿದ ಫಲಕಗಳಿಗೆ ಆ ಕೆಲಸ ಹಂಚಿ ವಿಮಾನವನ್ನು ಉಳಿಸಬಲ್ಲದೇ ಎಂಬುದು ಪರೀಕ್ಷೆ. ಬಾಲವಿಲ್ಲದ ವಿಮಾನದ ಕಥೆ ಮುಟ್ಟಬೇಕಾದ ಜಾಗ ನಿಜಕ್ಕೂ ಇದೇ, ಏಕೆಂದರೆ ಕಂಪ್ಯೂಟರನ್ನೇ ನಂಬಿದ ಮೇಲೆ ಕಂಪ್ಯೂಟರಿನ ಕೈ ಮುರಿದರೆ ಗತಿಯೇನು ಎಂದೂ ಕೇಳಬೇಕಾಗುತ್ತದೆ. ಕೆಒಎಸ್ ಎಂಬ ಮಾಡ್‌ನಲ್ಲಿ ಆಟಗಾರ ತನ್ನದೇ ಹಾರಾಟದ ಪ್ರೋಗ್ರಾಂ ಬರೆಯಬಹುದು. ಹತ್ತು ಸಾವಿರ ಅಡಿಯಲ್ಲಿ ಬಲ ಮುಂರೆಕ್ಕೆಯ ಹತೋಟಿಯನ್ನು ಸೊನ್ನೆಗೆ ಇಳಿಸಿ, ಎಸ್‌ಎಎಸ್ ಆರಿಸಿ, ತಾನು ಬರೆದ ಸಾಲುಗಳನ್ನೇ ನಂಬಿ ರನ್‌ವೇಗೆ ಮರಳುವ ಎಕ್ಸ್-36 ಒಂದನ್ನು ಯಾರಾದರೂ ಕಟ್ಟಿದರೆ, ಅದು ಬರೀ ಬೂದು ಬಣ್ಣದ ಒಂದು ಡಬ್ಬಿಯಾಗಿದ್ದರೂ ನನ್ನ ಅಭ್ಯಂತರವಿಲ್ಲ.